ನೆತ್ತಿಯ ದೀಪ

ಚಿಣ್ಣಪ್ಪ ತನ್ನ ಹಳೇ ಜೀಪಿನ ನೆತ್ತಿಗೆ ಮನೆಯಲ್ಲೇ ಹೊಸ ದೀಪ ಬಿಗಿದ. ಬಂದವರೆಲ್ಲ ಹೊಗಳಿ ಹೊಗಳಿ ದೀಪಕ್ಕೆ ನೆಲವೇ ಕಾಣದಾಯಿತು. ಆಯುಧಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ ಬಿದ್ದಾಗ, ಚಕ್ರದ ಹಿಂದಿನ ಬ್ರೇಕ್ ಪೈಪು ಬೇಡಿಕೊಂಡಿತು:

"ದೀಪಣ್ಣ, ನನ್ನ ಮೈ ಬಿರುಕು ಬಿಟ್ಟು ಎಣ್ಣೆ ಸೋರುತ್ತಿದೆ. ಬಗ್ಗಿ ನೋಡುವವರಿಲ್ಲ. ಒಡೆಯನ ಕಣ್ಣು ನಿನ್ನ ಮೇಲೇ ಇದೆ, ಒಂದು ಮಾತು ಹೇಳಬಾರದೇ?"

"ನಾನು ಮುಂದಿನ ದಾರಿ ತೋರಿಸುವವನು. ಹೊಟ್ಟೆಯಡಿಯ ಗೋಳು ನನಗೇಕೆ?" ಎಂದಿತು ದೀಪ.

ಪೂಜೆ ಮುಗಿದು, ಜೀಪು ಚಕ್ರದಡಿಯ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಹೊರಟಿತು. ನೆಲದ ಮೇಲಿನ ಒದ್ದೆಯನ್ನು ಚಿಣ್ಣಪ್ಪ ನಿಂಬೆರಸವೆಂದುಕೊಂಡ.

ಬೆಟ್ಟದ ಇಳಿಜಾರಿನಲ್ಲಿ ಮಂಜು ಕವಿಯಿತು. ದೀಪ ಝಗ್ಗನೆ ಹೊತ್ತಿತು. ತಿರುವಿನಲ್ಲಿ ಚಿಣ್ಣಪ್ಪ ಬ್ರೇಕ್ ತುಳಿದ. ಪೆಡಲು ನೆಲ ಮುಟ್ಟಿತು, ಜೀಪು ನಿಲ್ಲಲಿಲ್ಲ.

ಎದುರಿನ ಪ್ರಪಾತವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಸ್ಪಷ್ಟವಾಗಿ ಕಂಡದ್ದು ದೀಪವೇ.