ಸಲ್ಡಾನಾ ಮೇಷ್ಟ್ರ ಪುಟ್ಟ ಆಂಪ್

ಹರಿಹರದಲ್ಲಿ, ತುಂಗಭದ್ರೆಯ ದಡದ ಒಂದು ಹೆಂಚಿನ ಮನೆಯಲ್ಲಿ ಸಲ್ಡಾನಾ ಮೇಷ್ಟ್ರು ಗಿಟಾರ್ ಕಲಿಸುತ್ತಿದ್ದರು. ಮಂಗಳೂರು ಕಡೆಯವರು, ಬಂದು ಇಲ್ಲಿಯವರೇ ಆಗಿಹೋಗಿದ್ದರು. ಅವರದೊಂದು ಆರ್ಕೆಸ್ಟ್ರಾ ತಂಡವಿತ್ತು. ಅದರಲ್ಲಿ ಗಿಟಾರ್ ನುಡಿಸುತ್ತಿದ್ದವರೂ ಅವರೇ. ಈಗ ಬೆರಳಿನ ಗಂಟುಗಳು ನೋಯುತ್ತಿದ್ದವು. ತಮ್ಮ ಜಾಗವನ್ನು ಯಾರಿಗಾದರೂ ಬಿಟ್ಟುಕೊಡಬೇಕಿತ್ತು.

ಆ ಜಾಗ ತನಗೇ ಸಿಗಬೇಕೆಂದು ಶಿಷ್ಯ ಇಂದುಧರ ಹಟ ಹಿಡಿದಿದ್ದ. ದೀಪಾವಳಿಯೊಳಗೆ ಸಿಗದಿದ್ದರೆ ರಾಣೆಬೆನ್ನೂರಿಗೆ ಹೋಗಿ ಸೋದರಮಾವನ ಸಿಮೆಂಟ್ ಅಂಗಡಿಯಲ್ಲಿ ಕೂರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟು ಬಂದಿದ್ದ. ಸಿಮೆಂಟಿನ ಮೇಲೆ ಅವನಿಗೆ ದ್ವೇಷವೇನೂ ಇರಲಿಲ್ಲ. ಗಿಟಾರ್ ಬಿಟ್ಟು ಬದುಕುವ ಯೋಚನೆಯನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ.

ಮೇಷ್ಟ್ರ ಮನೆಯಲ್ಲೇ ಉಳಿದು ಕಲಿಯಲು ಅವನು ಬಂದದ್ದು ಆಟೋದಲ್ಲಿ, ಗಿಟಾರಿನ ಸದ್ದು ಹಿಗ್ಗಿಸುವ ತನ್ನ ದೊಡ್ಡ ಆಂಪನ್ನು ಪಕ್ಕದಲ್ಲಿ ಕೂರಿಸಿಕೊಂಡು. ಎಕೋ ಹಾಕಿ ನುಡಿಸಿದಾಗ ಕಿಟಕಿಯ ಗಾಜು ಅದುರಿತು. ಮೇಷ್ಟ್ರು ಪೂರ್ತಿ ಕೇಳಿದರು. ಒಳಗೆ ಹೋಗಿ ಊಟದ ಕ್ಯಾರಿಯರ್‌ಗಿಂತ ತುಸು ದೊಡ್ಡದಾದ ಒಂದು ಪೆಟ್ಟಿಗೆ ತಂದಿಟ್ಟರು.

ಅದೊಂದು ಹಳೇ ಟ್ರಾನ್ಸಿಸ್ಟರ್ ಆಂಪ್. ಮನೆಯಲ್ಲಿ ಒಬ್ಬನೇ ಕೂತು ಅಭ್ಯಾಸ ಮಾಡಲೆಂದು ಮಾಡಿದ್ದು. ಹೊದಿಕೆ ಕಿತ್ತುಹೋಗಿತ್ತು. ತಿರುಗಿಸಲು ಎರಡೇ ಗುಂಡಿಗಳು.

"ನಿನ್ನದನ್ನು ಮಂಚದ ಕೆಳಗಿಡು," ಎಂದರು ಮೇಷ್ಟ್ರು. "ಇನ್ನು ಇದರಲ್ಲೇ ನುಡಿಸು."

ಇಂದುಧರ ನುಡಿಸಿದ. ದೊಡ್ಡ ಆಂಪಿನಲ್ಲಿ ಒಂದು ಸ್ವರ ಇನ್ನೊಂದರ ಮೇಲೆ ಹರಡಿಕೊಂಡು ತಪ್ಪುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಇಲ್ಲಿ ಹಾಗಲ್ಲ. ಬೆರಳು ಜಾರಿದ ಕಿರ್ರೆನ್ನುವ ಸದ್ದು, ಪಕ್ಕದ ತಂತಿಗೆ ತಗುಲಿದ ಸದ್ದು, ಅರೆಬರೆ ಒತ್ತಿದ ತಂತಿಯ ಗೊರಗೊರ, ಎಲ್ಲವೂ ಅಂಗಳಕ್ಕೆ ಬಂದು ಬಿದ್ದವು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಂದುಧರನೂ ಅದನ್ನೇ ಅಂದ.

"ಮೇಷ್ಟ್ರೇ, ಇದು ಹಳೇದಾಗೈತೆ. ಏನೇನೋ ಸದ್ದು ಬರ್ತೈತೆ."

ಮೇಷ್ಟ್ರು ಗಿಟಾರ್ ಇಸಿದುಕೊಂಡು ಒಂದೇ ಒಂದು ಸ್ವರ ಮೀಟಿದರು. ಅದು ಸ್ವಚ್ಛವಾಗಿ ಬಂತು, ಸ್ವಚ್ಛವಾಗಿ ನಿಂತಿತು. ಗಿಟಾರ್ ವಾಪಸ್ ಕೊಟ್ಟರು.

"ಈಗ ರಿಪೇರಿ ಆಯ್ತು ನೋಡು ಮಾರಾಯ."

ಪೇಟೆಯಲ್ಲಿ ಎಂಥೆಂಥ ಆಂಪ್‌ಗಳು ಬಂದಿವೆ, ಇದನ್ನೇ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅವನು ಕೇಳಿದ.

"ಮುಖ ನೋಡಿ ಮಣೆ ಹಾಕುವುದು ಇದಕ್ಕೆ ಗೊತ್ತಿಲ್ಲ," ಎಂದರು ಮೇಷ್ಟ್ರು.

ಮಾತು ಅರ್ಥವಾಯಿತು, ಮನಸ್ಸು ಒಪ್ಪಲಿಲ್ಲ. ಮರುದಿನ ಮೇಷ್ಟ್ರು ನದಿಗೆ ಹೋಗಿದ್ದಾಗ ಇಂದುಧರ ಒಂದು ಉಪಾಯ ಮಾಡಿದ. ಟವೆಲ್ ಮಡಿಸಿ ಆಂಪಿನ ಬಾಯಿಗೆ ಹೊದಿಸಿದ. ಕಿರಿಕಿರಿಯೆಲ್ಲ ಅಡಗಿ ನಾದ ಮೆತ್ತಗಾಯಿತು. ಹಿಗ್ಗಿನಿಂದ ನುಡಿಸುತ್ತ ಕೂತ.

ಮೇಷ್ಟ್ರು ಬಂದು ನೋಡಿದರು. ಟವೆಲ್ ತೆಗೆದು ಅವನ ಎರಡೂ ಕಿವಿ ಮುಚ್ಚುವಂತೆ ತಲೆಗೆ ಬಿಗಿಯಾಗಿ ಸುತ್ತಿದರು. ಬಗ್ಗಿ ಅವನ ಮುಖದ ಹತ್ತಿರ ಬಂದು ಗಟ್ಟಿಯಾಗಿ ಹೇಳಿದರು.

"ಈಗ ಇನ್ನೂ ಇಂಪಾಗಿ ಕೇಳ್ತದೆ. ನುಡಿಸು."

ಬಿಚ್ಚಲು ಧೈರ್ಯ ಸಾಲದೆ ಮಧ್ಯಾಹ್ನದ ಊಟದವರೆಗೂ ಹಾಗೆಯೇ ನುಡಿಸಿದ. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇಳಿದಾಗ ಉಳಿದದ್ದು ಹಟ. ಟವೆಲ್ ಬಿಚ್ಚಿ, ಒಗೆದು, ಬಟ್ಟೆ ಒಣಗಿಸುವ ತಂತಿಯ ಮೇಲೆ ಹರವಿ ಬಂದು ಆಂಪಿನ ಎದುರು ಚಕ್ಕಳಮಕ್ಕಳ ಹಾಕಿ ಕೂತ.

ಒಂದೇ ಒಂದು ಸಾಲು ಹಿಡಿದ. ಬೇಡದ ಸದ್ದು ಬಂದರೆ ಮತ್ತೆ ಮೊದಲಿನಿಂದ. ಕಿರುಬೆರಳಿನ ತುದಿ ಬೊಬ್ಬೆ ಬಂದು, ಒಡೆದು, ಗಟ್ಟಿಯಾಯಿತು. ಮೇಷ್ಟ್ರು ಪಕ್ಕದಲ್ಲೇ ಓಡಾಡುತ್ತಿದ್ದರು. ಇನ್ನೆಷ್ಟು ಕಾಲ ಈ ಡಬ್ಬದಲ್ಲೇ ನುಡಿಸಬೇಕೆಂದು ಅವನು ಒಮ್ಮೆ ಸೋತು ಕೇಳಿದ.

"ಅದನ್ನು ಡಬ್ಬ ಅನ್ನುವುದು ಬಿಡುವ ತನಕ."

ಯಾವಾಗ ಬಿಟ್ಟನೋ ಅವನಿಗೇ ನೆನಪಿಲ್ಲ. ಬೆಳಗಾಗೆದ್ದು ಸ್ವಿಚ್ ಒತ್ತಿದರೆ ಅದು ತಕ್ಷಣ ಎಚ್ಚರವಾಗುತ್ತಿತ್ತು. ಮಲಗಿದವರ ನಿದ್ದೆ ಕೆಡಿಸುತ್ತಿರಲಿಲ್ಲ. ಮೆಲ್ಲಗೆ ಮೀಟಿದರೆ ಮೆಲ್ಲಗೆ, ಒತ್ತಿ ಮೀಟಿದರೆ ಒತ್ತಿ ಉತ್ತರ ಕೊಡುತ್ತಿತ್ತು. ಅವನಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಸುಳ್ಳು ಹೇಳದ ಗೆಳೆಯನ ಮೇಲೆ ಹುಟ್ಟುವಂಥದು, ಸ್ವಲ್ಪ ಭಯವೂ ಸೇರಿದ ಪ್ರೀತಿ.

ದೀಪಾವಳಿಯ ಹಿಂದಿನ ಸಂಜೆ ತಂಡದವರು ಅವನ ನುಡಿಸಾಣಿಕೆ ಕೇಳಲು ಬಂದರು. ಕೀಬೋರ್ಡಿನವನು, ಡ್ರಮ್ಮಿನವನು, ಹಾಡುವ ದಾಕ್ಷಾಯಣಕ್ಕ. ಅವರು ಕೂತದ್ದೇ ತಡ, ಕರೆಂಟ್ ಹೋಯಿತು. ಹಬ್ಬ ಮುಗಿಸಿಕೊಂಡು ಬರೋಣ ಎಂದು ಡ್ರಮ್ಮಿನವನು ಎದ್ದ. ಹಬ್ಬ ಮುಗಿದರೆ ಇಂದುಧರನ ಗಡುವೂ ಮುಗಿಯುತ್ತಿತ್ತು.

"ಇದು ಸೆಲ್ಲಿನಲ್ಲೂ ನಡೀತದೆ. ಕೂತ್ಕೊಳ್ಳಿ," ಎನ್ನುತ್ತ ಮೇಷ್ಟ್ರು ಮನೆಯಲ್ಲಿದ್ದ ಟಾರ್ಚುಗಳನ್ನೆಲ್ಲ ಬಿಚ್ಚಿ, ಸೆಲ್ಲುಗಳನ್ನು ಆಂಪಿನ ಬೆನ್ನಿಗೆ ತುಂಬಿದರು.

ಇಂದುಧರ ನಿಧಾನದ ಒಂದು ಧುನ್ ಎತ್ತಿಕೊಂಡ. ಅರ್ಧಕ್ಕೆ ಬರುವಷ್ಟರಲ್ಲಿ ಆಂಪಿನ ದನಿ ಒಡೆಯಿತು. ಟಾರ್ಚಿನಲ್ಲಿ ಸವೆದ ಸೆಲ್ಲುಗಳು ಅವು, ಇನ್ನೆಷ್ಟು ಹೊತ್ತು ತಡೆದಾವು? ಜೋರಾಗಿ ಮೀಟಲು ಕೈ ತುಡಿಯಿತು. ಜೋರು ಮಾಡಿದರೆ ಸ್ವರ ಕೆಡುತ್ತದೆಂದು ಅವನಿಗೆ ಗೊತ್ತಿತ್ತು. ಏನಾದರಾಗಲಿ, ನಿಲ್ಲಿಸುವುದಿಲ್ಲ ಎಂದುಕೊಂಡ. ಕೈ ತನ್ನ ಹದದಲ್ಲೇ ನಡೆಯಿತು.

ದನಿ ಕುಗ್ಗುತ್ತ ಹೋಯಿತು. ದಾಕ್ಷಾಯಣಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಕೀಬೋರ್ಡಿನವನು ನೆಲಕ್ಕಿಳಿದು ಕೂತ. ಡ್ರಮ್ಮಿನವನು ಕಾಲು ಕುಣಿಸುವುದನ್ನು ಬಿಟ್ಟು ಮುಂದಕ್ಕೆ ಬಾಗಿದ.

ಆಮೇಲೆ ಆಂಪ್ ಪೂರ್ತಿ ಸುಮ್ಮನಾಯಿತು. ಬರಿಯ ತಂತಿಯ ಸಣ್ಣ ದನಿ ಉಳಿಯಿತು. ಇಂದುಧರ ಧುನ್ನನ್ನು ಕೊನೆಯ ಸ್ವರದವರೆಗೂ ಕೊಂಡೊಯ್ದು, ತಂತಿಗಳ ಮೇಲೆ ಅಂಗೈ ಇಟ್ಟ.

ದಾಕ್ಷಾಯಣಕ್ಕ ಕಣ್ಣೊರೆಸಿಕೊಂಡು, ದಾವಣಗೆರೆಯ ಕಾರ್ಯಕ್ರಮಕ್ಕೆ ಇವನ ಅಳತೆಗೂ ತಂಡದ ಒಂದು ಕೋಟು ಹೊಲಿಸಬೇಕೆಂದು ಡ್ರಮ್ಮಿನವನ ಕಿವಿಯಲ್ಲಿ ಹೇಳಿದಳು. ಇಂದುಧರನಿಗೆ ಅದು ಕೇಳಿಸಲಿಲ್ಲ. ಎಲ್ಲ ಕೈತಪ್ಪಿತೆಂದೇ ತಿಳಿದು ಅವನು ಮೇಷ್ಟ್ರ ಎದುರು ಹೋಗಿ ನಿಂತ.

"ಮೇಷ್ಟ್ರೇ, ನಡುವೆ ಆಂಪ್ ನಿಂತೋಯ್ತು. ಕರೆಂಟ್ ಬಂದ್ಮೇಲೆ ಇನ್ನೊಂದ್ಸಲ ನುಡಿಸ್ಲಾ?"

ಮೇಷ್ಟ್ರು ಆಂಪಿನ ಕಡೆ ತಿರುಗಿ ನೋಡಿದರು. ಆಮೇಲೆ ಅವನನ್ನು ನೋಡಿದರು.

"ನಿಂತಿತ್ತಾ? ಯಾವಾಗ?"