ಬಟ್ಟೆಯ ಹೃದಯ

ಶಿಷ್ಯ ಕೇಳಿದ: "ಗುರುಗಳೇ, ನಾನೀಗ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದೇನೆ. ವಿದ್ಯಾರ್ಥಿಗಳನ್ನು ಗುಂಪು ಮಾಡಿ, ಏನಾದರೂ ಹೊಸದನ್ನು ನೀವೇ ಕಟ್ಟಿ ತನ್ನಿ ಎಂದರೆ ಕೆಲವರು ದುಡಿಯುತ್ತಾರೆ, ಒಬ್ಬರು ಸುಮ್ಮನೆ ಕೂರುತ್ತಾರೆ. ಎಲ್ಲರಿಗೂ ಒಂದೇ ಅಂಕ ಕೊಡುವುದು ನ್ಯಾಯವೇ?"

ಗುರು ಹೇಳಿದರು:

ಒಂದು ವೈದ್ಯಕೀಯ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕಿ ಇದ್ದರು. ಅಲ್ಲಿನ ಆಸ್ಪತ್ರೆಗೆ ಒಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಕರೆತಂದಳು. ಮಗುವಿನ ಹೃದಯದಲ್ಲಿ ರಂಧ್ರವಿತ್ತು. ಆಪರೇಷನ್ ಮಾಡಿದರೆ ಉಳಿಯುತ್ತಾಳೆ ಎಂದು ವೈದ್ಯರು ಎಷ್ಟು ಹೇಳಿದರೂ ತಾಯಿ ಒಪ್ಪಲಿಲ್ಲ. ಯಾಕೆಂದು ಹೇಳಲೂ ಇಲ್ಲ.

ಅಧ್ಯಾಪಕಿ ನಾಲ್ವರು ವಿದ್ಯಾರ್ಥಿಗಳನ್ನು ಕರೆದು, "ಈ ಕಾಯಿಲೆ ಆ ತಾಯಿಗೆ ಅರ್ಥವಾಗುವ ಹಾಗೆ ಏನಾದರೂ ಮಾಡಿ ತನ್ನಿ. ಇದೇ ನಿಮ್ಮ ಪರೀಕ್ಷೆ" ಎಂದರು.

ಅವರಲ್ಲಿ ಮೇದಿನಿ ತರಗತಿಗೇ ಮೊದಲಿಗಳು. ಹೃದಯದ ಒಂದೊಂದು ಕವಾಟವೂ ಅವಳಿಗೆ ಬಾಯಿಪಾಠ. ಅವಳು ಹೇಳಿದಂತೆ ಒಬ್ಬ ಚಿತ್ರ ಬರೆದ. ಇನ್ನೊಬ್ಬಳು ಅದನ್ನು ನೋಡಿ ಕೆಂಪು ಬಟ್ಟೆಯಲ್ಲಿ ಹೃದಯ ಹೊಲಿದಳು. ನಾಲ್ಕನೆಯವನು ಕರಿಬಸವ. ಅವನು ಸೂಜಿ ಮುಟ್ಟಲಿಲ್ಲ, ಪುಸ್ತಕ ತೆರೆಯಲಿಲ್ಲ. ವಾರ್ಡಿಗೆ ಹೋಗಿ ಆ ತಾಯಿಯ ಪಕ್ಕದಲ್ಲಿ ಕೂತಿರುತ್ತಿದ್ದ. ಮಗುವಿಗೆ ಗಂಜಿ ಆರಿಸಿ ಕೊಡುತ್ತಿದ್ದ.

ಮೇದಿನಿಗೆ ಸಿಟ್ಟು ಬಂತು. "ಮೇಡಂ, ಅವನ ಹೆಸರು ತೆಗೆದುಬಿಡಿ" ಎಂದಳು.

"ಮೊದಲು ತಾಯಿಗೆ ತೋರಿಸಿ ಬನ್ನಿ" ಎಂದರು ಅಧ್ಯಾಪಕಿ.

ನಾಲ್ವರೂ ಹೋದರು. ಮೇದಿನಿ ಬಟ್ಟೆಯ ಹೃದಯವನ್ನು ಬಿಡಿಸಿ ಒಳಗಿನ ಕೋಣೆಗಳನ್ನು ತೋರಿಸಿದಳು, ರಂಧ್ರವನ್ನು ತೋರಿಸಿದಳು. ಒಂದು ತಪ್ಪೂ ಇರಲಿಲ್ಲ. ತಾಯಿ ಅದನ್ನು ನೋಡಿ ಇನ್ನಷ್ಟು ಹೆದರಿ ಮಗಳನ್ನು ಅವುಚಿಕೊಂಡಳು.

ಆಗ ಕರಿಬಸವ ಬಾಯಿ ಬಿಟ್ಟ. "ಅಕ್ಕ, ನನಗೆ ಹೇಳಿದ್ದನ್ನು ಇವಳಿಗೂ ಹೇಳಿ."

ತಾಯಿ ಮೇದಿನಿಯತ್ತ ತಿರುಗಿ ಕೇಳಿದಳು. "ಎದೆ ಬಗೆದ ಮೇಲೆ ಇವಳು ನನ್ನ ಗುರುತು ಹಿಡೀತಾಳಾ ತಾಯಿ? ನಾನು ಇರೋದು ಅಲ್ಲೇ ಅಲ್ವಾ?"

ಇಂಥ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ಮೇದಿನಿ ಅವಳ ಪಕ್ಕದಲ್ಲಿ ಕುಳಿತಳು. "ಹಿಡಿಯುತ್ತಾಳೆ ಅಕ್ಕ. ಇದು ನೆತ್ತರನ್ನು ತಳ್ಳುತ್ತದೆ, ಅಷ್ಟೇ. ನಿಮ್ಮ ನೆನಪು ಇರುವುದು ಅವಳ ತಲೆಯಲ್ಲಿ. ಅದನ್ನು ಯಾರೂ ಮುಟ್ಟುವುದಿಲ್ಲ."

ತಾಯಿಗೆ ನಂಬಿಕೆ ಬರಲಿಲ್ಲ. ಚಿತ್ರ ಬರೆಯುವವನು ಅಲ್ಲೇ ಕುಳಿತು ಮಗುವಿನ ಚಿತ್ರ ಬರೆದ. ಎರಡು ಜಡೆ, ಮುರಿದ ಹಲ್ಲು. ಎದೆಯಲ್ಲಿ ಹೃದಯ, ತಲೆಯಲ್ಲಿ ಅಮ್ಮ. ಮಗು ನೋಡಿ ನಕ್ಕಿತು. ಹೊಲಿದವಳು ಬಟ್ಟೆಯ ಹೃದಯವನ್ನೂ ಸೂಜಿದಾರವನ್ನೂ ತಾಯಿಯ ಕೈಗೆ ಕೊಟ್ಟಳು. ತಾಯಿ ತಾನೇ ಆ ರಂಧ್ರವನ್ನು ಹೊಲಿದಳು. ಎಳೆದು ನೋಡಿದಳು. ಬಿಗಿಯಾಗಿತ್ತು.

"ಅವರು ಮಾಡೋದೂ ಇದೇನಾ?"

"ಇದೇ ಅಕ್ಕ. ಅಪಾಯವೇ ಇಲ್ಲ ಅನ್ನಲಾರೆ. ಹೊಲಿಯದೆ ಬಿಟ್ಟರೆ ಅಪಾಯ ಇನ್ನೂ ಹೆಚ್ಚು" ಎಂದಳು ಮೇದಿನಿ.

ತಾಯಿ ಒಪ್ಪಿದಳು. ಆಪರೇಷನ್ ಆಯಿತು. ಮಗು ಕಣ್ಣು ತೆರೆದು, "ಅವ್ವಾ, ನೀರು" ಎಂದಿತು. ಬಾಗಿಲ ಬಳಿ ನಿಂತಿದ್ದ ನಾಲ್ವರೂ ಅತ್ತರು.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಹೆಚ್ಚು ಅಂಕ ಕರಿಬಸವನಿಗೇ ಸಲ್ಲಬೇಕಲ್ಲವೇ?" ಎಂದ.

ಗುರು ಹೇಳಿದರು: "ಆ ನಾಲ್ವರಲ್ಲಿ ಯಾರು ಇಲ್ಲದಿದ್ದರೂ ತಾಯಿ ಒಪ್ಪುತ್ತಿದ್ದಳು ಎನಿಸುತ್ತದೋ, ಅವರ ಅಂಕ ಕಳೆದುಬಿಡು."