ವಾರಗಿತ್ತಿಯ ಅಂಗಳದ ಸ್ಟ್ರಾಬೆರಿ

ಬೆಟ್ಟದ ಮೇಲೊಂದು ರಾಜ್ಯ. ಅಲ್ಲಿ ಮಾಳವ್ವ, ಸಿರಿಯವ್ವ ಅಂತ ಇಬ್ಬರು ವಾರಗಿತ್ತಿಯರಿದ್ದರು; ಮಾಳವ್ವ ಅಣ್ಣನ ಹೆಂಡತಿ, ಸಿರಿಯವ್ವ ತಮ್ಮನ ಹೆಂಡತಿ. ಅಕ್ಕಪಕ್ಕದ ಮನೆ, ನಡುವೆ ಮೋಟುಗೋಡೆ. ಇಬ್ಬರ ಅಂಗಳದಲ್ಲೂ ಸ್ಟ್ರಾಬೆರಿ ಕುಂಡಗಳು. ರಾಜರ ಕಾಲದಲ್ಲಿ ಸ್ಟ್ರಾಬೆರಿ ಎಲ್ಲಿತ್ತು ಅಂತ ಕೇಳಬೇಡಿ ಮಕ್ಕಳೇ. ಕಥೆ ನನ್ನದು, ಹಣ್ಣೂ ನನ್ನದೇ.

ಹಣ್ಣಿನ ಕಾಲ ಮುಗಿಯುತ್ತಾ ಬಂದಿತ್ತು. ಆಗಲೇ ಬಸುರಿ ರಾಣಿಗೆ ಸ್ಟ್ರಾಬೆರಿ ಬಯಕೆ ಹತ್ತಬೇಕೇ! ಒಂದು ಬುಟ್ಟಿ ಹಣ್ಣು ಬೆಳೆದು ತಂದವರಿಗೆ ಬಾವಿ ಸಮೇತ ತೋಟ ಕೊಡುತ್ತೇನೆಂದು ರಾಜ ಡಂಗುರ ಹೊಡೆಸಿದ. ಗೇಣು ಹೊಲವೂ ಇಲ್ಲದ ಸಿರಿಯವ್ವನಿಗೆ ಆ ತೋಟ ಬೇಕೇ ಬೇಕಿತ್ತು. ಅವಳ ಗಿಡಗಳು ಇನ್ನೂ ಹೂ ಬಿಡುತ್ತಿದ್ದವು. ಗೋಡೆಯಾಚೆ ಇಣುಕಿದ ಮಾಳವ್ವನ ಹೊಟ್ಟೆ ಉರಿದುಹೋಯಿತು. ತನಗೆ ಸಿಗದಿದ್ದರೂ ಸರಿ, ತಂಗಿಗೆ ಸಿಗಬಾರದು!

ಸಿರಿಯವ್ವ ನೀರಿಗೆ ಹೋದ ಹೊತ್ತು ನೋಡಿ, ಗಿಡ ಉಸಿರುಕಟ್ಟಿ ಸಾಯಲಿ ಎಂದು ಬುಡದ ತುಂಬ ಒಣಹುಲ್ಲು ತುರುಕಿದಳು. ಚಳಿಗೆ ನಡುಗುತ್ತಿದ್ದ ಬೇರು ಬೆಚ್ಚಗಾಯಿತು. ಹೂವೆಲ್ಲ ಕಾಯಿ ಕಟ್ಟಿತು.

ಇದು ಯಾರ ಕೆಲಸವೆಂದು ಸಿರಿಯವ್ವನಿಗೆ ತಿಳಿಯಿತು. ಜಗಳಕ್ಕೆ ಹೋಗಲಿಲ್ಲ. ಗೋಡೆಯ ಪಕ್ಕ ನಿಂತು ತನ್ನ ಎಮ್ಮೆಗೆ ಗಟ್ಟಿಯಾಗಿ ಹೇಳಿದಳು: "ಯಾರರ ಹಳೇ ಕುರಿಗೊಬ್ಬರ ಹಾಕಿದ್ರ ನನ್ನ ಗಿಡ ಸುಟ್ಟೇ ಹೋಗತಾವ ನೋಡವ್ವಾ!"

ಮರುದಿನ ಬುಡದಲ್ಲಿ ಕುರಿಗೊಬ್ಬರ. ಕಾಯಿ ದಪ್ಪಗಾದವು.

ಸಿರಿಯವ್ವ ಮತ್ತೆ ಎಮ್ಮೆಯ ಹತ್ತಿರ ಹೋದಳು. "ಈ ಹರದಾಡೋ ಕುಡಿಯೊಳಗ ಗಿಡದ ಜೀವ ಐತಿ. ಇವನ್ನ ಕತ್ತರಿಸಿದ್ರ ನನ್ನ ಕತಿ ಮುಗೀತು!"

ಮರುದಿನ ಒಂದು ಕುಡಿಯೂ ಇಲ್ಲ. ಕುಡಿಗೆ ಹೋಗುತ್ತಿದ್ದ ಸತ್ವವೆಲ್ಲ ಕಾಯಿಗೆ ಹರಿಯಿತು. ಹಣ್ಣು ಕೆಂಪಗೆ ತುಂಬಿಕೊಂಡವು. ಹಗಲೆಲ್ಲ ಗೋಡೆಗೆ ಅಂಟಿಕೊಂಡೇ ಇದ್ದ ಮಾಳವ್ವ ತನ್ನ ಕುಂಡಗಳಿಗೆ ನೀರು ಹಾಕುವುದನ್ನೇ ಮರೆತಿದ್ದಳು. ಅವು ಒಣಗಿ ಹೋಗಿದ್ದವು.

ಸಿರಿಯವ್ವ ಬುಟ್ಟಿ ಹೊತ್ತು ಅರಮನೆಗೆ ಹೋದಳು. ಮಾಳವ್ವನೂ ಹಿಂದೆಯೇ ಓಡಿದಳು. ರಾಜ ತೋಟದ ಮಾತೆತ್ತಿದ್ದೇ ತಡ, ಅವಳಿಗೆ ತಡೆಯಲಾಗಲಿಲ್ಲ.

"ದೊರಿ, ಹುಲ್ಲು ಹಾಕಿದಾಕಿ ನಾನು! ಗೊಬ್ಬರ ಸುರಿದಾಕಿ ನಾನು! ಕುಡಿ ಕತ್ತರಿಸಿದಾಕಿ ನಾನು! ತೋಟ ನನಗ ಕೊಡ್ರಿ!"

ಸಿರಿಯವ್ವ ಮೆಲ್ಲಗೆ ಕೇಳಿದಳು: "ಖರೇನ ಅಕ್ಕಾ. ಮತ್ತ ನಿನ್ನ ಗಿಡಕ್ಕ ಯಾಕ ಹಿಂಗ ಮಾಡಲಿಲ್ಲ?"

"ಅಯ್ಯ, ನನ್ನ ಗಿಡ ಸತ್ತರ?"

ಸಭೆಗೆ ಸಭೆಯೇ ನಕ್ಕಿತು. ಮಾಳವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತೋಟ ಸಿರಿಯವ್ವನದಾಯಿತು.

ನೀತಿ ಇಷ್ಟೇ ಮಕ್ಕಳೇ: ಇನ್ನೊಬ್ಬರನ್ನು ಕೆಡಿಸಲು ಹೊರಟ ಹೊಟ್ಟೆಕಿಚ್ಚು ತನ್ನ ಅಂಗಳವನ್ನೇ ಒಣಗಿಸುತ್ತದೆ. ಏಳಿ, ಊಟಕ್ಕೆ ಹೊತ್ತಾಯಿತು. ಪಕ್ಕದವರ ಎಲೆ ನೋಡದೆ ಉಣ್ಣಿ.